ಟೂತ್‌ಪೇಸ್ಟಿಗೂ ಶೇ 5, ಬಿಸ್ಕತ್ತಿಗೂ ಶೇ 5: ಬೊಜ್ಜನ್ನೂ ಹಲ್ಲನ್ನೂ ಬೇರೆ ಬೇರೆ ಕಡತದಲ್ಲಿಟ್ಟ ನೀತಿ

2025ರ ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರ ಜಾರಿಗೆ ಬಂತು. ಅದರ ಹಿಂದಿನ ರಾತ್ರಿ ಡೆಸ್ಕ್‌ನಲ್ಲಿ ನಮಗೆ ಕೊಟ್ಟಿದ್ದ ಕೆಲಸ, 'ಯಾವುದು ಅಗ್ಗ, ಯಾವುದು ತುಟ್ಟಿ' ಎಂಬ ಪಟ್ಟಿ ಸಿದ್ಧಪಡಿಸುವುದು. ಅಗ್ಗದ ಸಾಲಿನಲ್ಲಿ ಟೂತ್‌ಪೇಸ್ಟ್, ಟೂತ್‌ಬ್ರಷ್. ಶೇ 18ರಿಂದ ಶೇ 5ಕ್ಕೆ. ಅದರ ಕೆಳಗೆ ಚಾಕಲೇಟ್, ಬಿಸ್ಕತ್, ಐಸ್‌ಕ್ರೀಂ. ಅವೂ ಶೇ 18ರಿಂದ ಶೇ 5ಕ್ಕೆ. ಪೆಪ್ಪರಮಿಂಟ್, ಮಿಠಾಯಿ, ಪ್ಯಾಕೆಟ್ ಖಾರಾ ಶೇ 12ರಿಂದ ಶೇ 5ಕ್ಕೆ. ಹಲ್ಲು ಉಜ್ಜುವ ಸಾಮಾನಿಗೂ ಹಲ್ಲು ಕೆಡಿಸುವ ಸಾಮಾನಿಗೂ ಒಂದೇ ದಿನ, ಒಂದೇ ರಿಯಾಯಿತಿ. ಬೆಳಗಿನ ಜಾವ ಎರಡು ಗಂಟೆಗೆ ಕ್ರೀಂ ಬಿಸ್ಕತ್ ತಿನ್ನುತ್ತಲೇ ಆ ಪಟ್ಟಿ ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಬೆಲೆ ಇಳಿದದ್ದಕ್ಕೆ ಯಾರೂ ಬೇಸರಪಡಬೇಕಿಲ್ಲ. ಆದರೆ ಅದೇ ವರ್ಷ ಫೆಬ್ರುವರಿಯ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ನರೇಂದ್ರ ಮೋದಿ ಬೊಜ್ಜಿನ ಬಗ್ಗೆ ಮಾತನಾಡಿದ್ದರು. ಜಗತ್ತಿನಲ್ಲಿ ಎಂಟು ಜನರಲ್ಲಿ ಒಬ್ಬರಿಗೆ ಬೊಜ್ಜಿನ ಸಮಸ್ಯೆ ಇದೆ, ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಮಾಡಿ ಎಂದು ಕೋರಿದ್ದರು. ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲೆಲ್ಲ 'ಶುಗರ್ ಬೋರ್ಡ್' ಹಾಕಲು ಸುತ್ತೋಲೆ ಹೊರಡಿಸಿತು. 4ರಿಂದ 10 ವರ್ಷದ ಮಕ್ಕಳು ದಿನಕ್ಕೆ ಪಡೆಯುವ ಕ್ಯಾಲರಿಯಲ್ಲಿ ಶೇ 13, 11ರಿಂದ 18 ವರ್ಷದವರಲ್ಲಿ ಶೇ 15 ಸಕ್ಕರೆಯಿಂದಲೇ ಬರುತ್ತಿದೆ, ಇರಬೇಕಾದದ್ದು ಶೇ 5 ಎಂದು ಆ ಸುತ್ತೋಲೆಯೇ ಹೇಳುತ್ತದೆ. ಶಾಲೆಯ ಗೋಡೆಯ ಮೇಲೆ ಎಚ್ಚರಿಕೆ, ಶಾಲೆಯ ಎದುರಿನ ಅಂಗಡಿಯಲ್ಲಿ ರಿಯಾಯಿತಿ.

ಬೊಜ್ಜು, ಬಾಯಿಯ ಆರೋಗ್ಯ ಮತ್ತು ಬದುಕಿನ ನೆಮ್ಮದಿ ಈ ಮೂರಕ್ಕೂ ಇರುವ ಸಂಬಂಧದ ಬಗ್ಗೆ ಬರೆಯಲು ಕೂತಾಗ ಮೊದಲು ನೆನಪಾದದ್ದು ಈ ಪಟ್ಟಿ. ವೈದ್ಯಕೀಯದಲ್ಲಿ ಈ ಸಂಬಂಧ ಹೊಸ ವಿಷಯವೇನೂ ಅಲ್ಲ. ನಮ್ಮ ನೀತಿಯಲ್ಲಿ, ವಿಮೆಯಲ್ಲಿ, ಸಮೀಕ್ಷೆಗಳಲ್ಲಿ ಮಾತ್ರ ಬಾಯಿ ಎಂಬುದು ದೇಹಕ್ಕೆ ಸೇರದ ಅಂಗ.

ಮೂವರಲ್ಲಿ ಒಬ್ಬರು

ಮೊದಲು ತೂಕದ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 24 ಮಹಿಳೆಯರು, ಶೇ 22.9 ಪುರುಷರು ಅಧಿಕ ತೂಕ ಅಥವಾ ಬೊಜ್ಜಿನ ವರ್ಗದಲ್ಲಿದ್ದಾರೆ. ಕರ್ನಾಟಕದಲ್ಲಿ ಇದು ಮಹಿಳೆಯರಲ್ಲಿ ಶೇ 30.1, ಪುರುಷರಲ್ಲಿ ಶೇ 30.9. ಕನ್ನಡಿಗರು ನೆಲೆಸಿರುವ ಬೇರೆ ಊರುಗಳ ಕಡೆ ನೋಡಿದರೆ ದೆಹಲಿಯಲ್ಲಿ ಮಹಿಳೆಯರ ಪ್ರಮಾಣ ಶೇ 41.3, ತಮಿಳುನಾಡಿನಲ್ಲಿ ಶೇ 40.4, ತೆಲಂಗಾಣದಲ್ಲಿ ಶೇ 30.1, ಮಹಾರಾಷ್ಟ್ರದಲ್ಲಿ ಶೇ 23.4. ಮಹಾರಾಷ್ಟ್ರದ ಅಂಕಿ ನೋಡಿ ಮುಂಬೈ, ಪುಣೆಯವರು ನಿಟ್ಟುಸಿರು ಬಿಡಬೇಕಿಲ್ಲ. ಅದರಲ್ಲಿ ಇಡೀ ರಾಜ್ಯದ ಹಳ್ಳಿಗಳೂ ಸೇರಿವೆ, ನಗರಗಳಲ್ಲಿ ಪ್ರಮಾಣ ಹೆಚ್ಚು.

ಇದು ಬಿಎಂಐ 25 ದಾಟಿದವರ ಲೆಕ್ಕ. ಐದಡಿ ಐದಿಂಚು, ಅಂದರೆ 165 ಸೆಂ.ಮೀ. ಎತ್ತರದವರಾದರೆ ಸುಮಾರು 68 ಕೆ.ಜಿ. ದಾಟಿದವರು. ನಮ್ಮ ದೇಹಪ್ರಕೃತಿಗೆ ಮಿತಿ ಇನ್ನೂ ಕೆಳಗಿರಬೇಕು, 23ರಿಂದಲೇ ಎಚ್ಚರ ಬೇಕು ಎಂದು ಭಾರತದ ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಹಾಗೆ ನೋಡಿದರೆ ಅದೇ ಎತ್ತರದವರಿಗೆ ಗೆರೆ 62-63 ಕೆ.ಜಿ.ಗೆ ಇಳಿಯುತ್ತದೆ. ಕಾರಣ ಗೊತ್ತಿರುವಂಥದ್ದೇ: ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ, ಹೊಟ್ಟೆಯ ಬೊಜ್ಜು ಇರುವವರ ಪ್ರಮಾಣ ಶೇ 39.5.

ಇನ್ನು ಹಲ್ಲಿನ ಲೆಕ್ಕ. ಭಾರತೀಯ ದಂತ ಪರಿಷತ್ತು ದೇಶದಾದ್ಯಂತ ನಡೆಸಿದ ದೊಡ್ಡ ಸಮೀಕ್ಷೆ 2002-03ರದ್ದು. ಆಗ 12 ವರ್ಷದ ಮಕ್ಕಳಲ್ಲಿ ಶೇ 53.8, 35ರಿಂದ 44 ವರ್ಷದವರಲ್ಲಿ ಸುಮಾರು ಶೇ 80 ಮಂದಿಗೆ ಹುಳುಕು ಹಲ್ಲು ಕಂಡಿತ್ತು. ಆ 12 ವರ್ಷದ ಮಕ್ಕಳಿಗೆ ಈಗ ಮದುವೆಯಾಗಿ ಮಕ್ಕಳಿದ್ದಾರೆ. ಕುಟುಂಬ ಆರೋಗ್ಯ ಸಮೀಕ್ಷೆಯ ಸಿಬ್ಬಂದಿ ಮನೆಗೆ ಬಂದು ಎತ್ತರ, ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಎಲ್ಲ ಅಳೆಯುತ್ತಾರೆ. ಬಾಯಿಯ ವಿಷಯಕ್ಕೆ ಬಂದರೆ, ಕ್ಯಾನ್ಸರ್ ಪತ್ತೆಗಾಗಿ ಎಂದಾದರೂ ಬಾಯಿ ಪರೀಕ್ಷೆ ಮಾಡಿಸಿಕೊಂಡಿದ್ದೀರಾ ಎಂಬ ಪ್ರಶ್ನೆ ಇದೆ. ಹೌದು ಎಂದವರು ಮಹಿಳೆಯರಲ್ಲಿ ಶೇ 0.9, ಪುರುಷರಲ್ಲಿ ಶೇ 1.2.

ದಪ್ಪಗಿದ್ದರೆ ಹಲ್ಲು ಕೆಡುತ್ತದೆಯೇ?

ಅಂತರ್ಜಾಲದಲ್ಲಿ ಹುಡುಕಿದರೆ 'ಬೊಜ್ಜಿನಿಂದ ಹಲ್ಲು ಹಾಳು' ಎಂಬಂಥ ಶೀರ್ಷಿಕೆಗಳು ಧಾರಾಳವಾಗಿ ಸಿಗುತ್ತವೆ. ವಿಷಯ ಅಷ್ಟು ಸರಳವಿಲ್ಲ. ಬಾಯಿಯಲ್ಲಿ ಎರಡು ಬೇರೆ ಕಾಯಿಲೆಗಳಿವೆ, ಒಂದು ಹಲ್ಲಿನ ಹುಳುಕು, ಇನ್ನೊಂದು ವಸಡಿನ ರೋಗ. ಬೊಜ್ಜಿನ ಜೊತೆ ಇವೆರಡರ ನಂಟು ಒಂದೇ ತೆರನಲ್ಲ.

ವಸಡಿನ ರೋಗದ ವಿಷಯದಲ್ಲಿ ಸಾಕ್ಷ್ಯ ಹೆಚ್ಚು ಗಟ್ಟಿ. ಜಪಾನಿನ ಸಂಶೋಧಕರು 241 ಮಂದಿಯನ್ನು ಪರೀಕ್ಷಿಸಿ, ತೂಕ ಹೆಚ್ಚಿದಂತೆ ವಸಡಿನ ರೋಗದ ಸಾಧ್ಯತೆಯೂ ಹೆಚ್ಚುತ್ತದೆ ಎಂದು 1998ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ಗೆ ಬರೆದ ಮೇಲೆ ಈ ಬಗ್ಗೆ ಅಧ್ಯಯನಗಳ ಸಾಲೇ ಬಂತು. 2010ರಲ್ಲಿ ಅವುಗಳನ್ನೆಲ್ಲ ಕೂಡಿಸಿ ನೋಡಿದ ಒಂದು ವಿಶ್ಲೇಷಣೆಯಲ್ಲಿ, ಬೊಜ್ಜು ಇರುವವರಲ್ಲಿ ವಸಡಿನ ರೋಗದ ಸಂಭವ ಸುಮಾರು ಮೂರನೇ ಒಂದು ಭಾಗದಷ್ಟು ಜಾಸ್ತಿ ಎಂದು ಕಂಡಿತು. ಭಾರಿ ಅಂತರವೇನಲ್ಲ, ತಳ್ಳಿಹಾಕುವಂಥದ್ದೂ ಅಲ್ಲ.

ಕಾರಣ ಹೀಗೆ: ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ಮನೆ ಕೂತಿರುವ ದಾಸ್ತಾನಲ್ಲ, ಅದು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ವಸಡಿನ ರೋಗವೂ ಮೂಲತಃ ಉರಿಯೂತವೇ. ಹಲ್ಲಿನ ಬುಡದಲ್ಲಿ ಗಟ್ಟಿಯಾದ ಪಾಚಿ, ಅದರಲ್ಲಿನ ಬ್ಯಾಕ್ಟೀರಿಯಾಗಳ ಮೇಲೆ ದೇಹ ನಡೆಸುವ ಹೋರಾಟ, ಆ ಹೋರಾಟದಲ್ಲಿ ಹಲ್ಲು ಹಿಡಿದಿಟ್ಟ ಮೂಳೆಯೇ ಸವೆಯುವುದು. ಮೊದಲೇ ಕಾದ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ. ಮಧ್ಯೆ ಮಧುಮೇಹ ಸೇರಿಕೊಂಡರೆ ಎರಡೂ ಕಡೆಯಿಂದ ಹೊಡೆತ. ಸಕ್ಕರೆ ಹತೋಟಿ ತಪ್ಪಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ವಸಡಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟರೆ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸುಮಾರು 0.4ರಷ್ಟು ಇಳಿಯುತ್ತದೆ ಎಂದು 2022ರ ಕಾಕ್ರೇನ್ ವಿಮರ್ಶೆ ಹೇಳಿದೆ. ಹೆಚ್ಚುವರಿ ಮಾತ್ರೆಯೊಂದು ಕೊಡಬಹುದಾದ ಲಾಭಕ್ಕೆ ಇದು ತೀರಾ ದೂರವಿಲ್ಲ. ನಿಮ್ಮ ಶುಗರ್ ಡಾಕ್ಟರು ಎಂದಾದರೂ 'ಬಾಯಿ ತೆರೆಯಿರಿ, ವಸಡು ನೋಡೋಣ' ಎಂದಿದ್ದಾರೆಯೇ? ನಾನು ಕೇಳಿದವರಲ್ಲಿ ಹೌದು ಎಂದವರು ಯಾರೂ ಇಲ್ಲ.

ಹುಳುಕಿನ ಕಥೆ ಬೇರೆ. ಮಕ್ಕಳಲ್ಲಂತೂ ಲೆಕ್ಕ ತಿರುಗುಮುರುಗು. ತೂಕ ಮತ್ತು ಹುಳುಕು ಎರಡನ್ನೂ ನೋಡಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟಾಗ, ತೀರಾ ದಪ್ಪಗಿರುವ ಮಕ್ಕಳಲ್ಲೂ ಹುಳುಕು ಹೆಚ್ಚು, ತೀರಾ ಸಣಕಲಾಗಿರುವ ಮಕ್ಕಳಲ್ಲೂ ಹೆಚ್ಚು ಎಂಬ ಚಿತ್ರ ಬರುತ್ತದೆ. ಯೋಚಿಸಿದರೆ ಸರಿಯೇ. ಹಲ್ಲು ನೋವಿರುವ ಮಗು ಊಟ ಬಿಡುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ, ತೂಕ ಏರುವುದೇ ಇಲ್ಲ. ಹತ್ತು ರೂಪಾಯಿಯ ಪ್ಯಾಕೆಟ್ ಎರಡೂ ಮನೆಗೆ ಹೋಗುತ್ತದೆ. ಊಟ ಚೆನ್ನಾಗಿರುವ ಮನೆಯಲ್ಲಿ ಅದು ಊಟದ ಮೇಲಿನ ತಿಂಡಿ, ಊಟಕ್ಕೆ ತತ್ವಾರವಿರುವ ಮನೆಯಲ್ಲಿ ಊಟದ ಬದಲಿನ ತಿಂಡಿ. ಹೀಗಾಗಿ 'ದಪ್ಪ ಮಗು, ಕೆಟ್ಟ ಹಲ್ಲು' ಎಂಬ ಸಮೀಕರಣ ನಮ್ಮ ದೇಶಕ್ಕೆ ಹೊಂದುವುದಿಲ್ಲ. ಬೊಜ್ಜು ಹುಳುಕನ್ನು ಹುಟ್ಟಿಸುವುದಿಲ್ಲ. ಎರಡಕ್ಕೂ ತಾಯಿ ಒಂದೇ, ಸಕ್ಕರೆ. ಅದರಲ್ಲೂ ಒಂದು ವ್ಯತ್ಯಾಸ ಇದೆ. ತೂಕಕ್ಕೆ ಮುಖ್ಯ, ದಿನಕ್ಕೆ ಒಟ್ಟು ಎಷ್ಟು ತಿಂದಿರಿ ಎಂಬುದು. ಹಲ್ಲಿಗೆ ಮುಖ್ಯ, ಎಷ್ಟು ಸಲ ತಿಂದಿರಿ ಎಂಬುದು. ಪ್ರತಿ ಸಲ ಸಕ್ಕರೆ ಬಾಯಿಗೆ ಬಿದ್ದಾಗಲೂ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತದೆ, ಜೊಲ್ಲು ಅದನ್ನು ತೊಳೆದು ಸಮಸ್ಥಿತಿಗೆ ತರಲು ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬೇಕು. ಯುಗಾದಿಯಂದು ಊಟದ ಜೊತೆ ಎರಡು ಹೋಳಿಗೆ ತಿಂದವರಿಗಿಂತ, ಆಫೀಸಿನಲ್ಲಿ ದಿನವಿಡೀ ಆರು ಸಲ ಸಕ್ಕರೆ ಚಹಾ ಗುಟುಕರಿಸುವವರ ಹಲ್ಲಿಗೆ ಅಪಾಯ ಜಾಸ್ತಿ.

ಸಕ್ಕರೆಯ ಮಿತಿ ಬಂದದ್ದು ಹಲ್ಲಿನಿಂದ

ಹೆಚ್ಚು ಜನಕ್ಕೆ ತಿಳಿಯದ ಒಂದು ಸಂಗತಿ ಇಲ್ಲಿದೆ. ದಿನದ ಕ್ಯಾಲರಿಯಲ್ಲಿ ಸೇರಿಸಿದ ಸಕ್ಕರೆ ಶೇ 10 ಮೀರಬಾರದು, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಸಿಬಿಎಸ್‌ಇ ಸುತ್ತೋಲೆಯ ಶೇ 5 ಕೂಡ ಇದೇ ಅಂಕಿ. ಈ ಮಿತಿಗಳನ್ನು ನಿಗದಿಪಡಿಸಲು ಮುಖ್ಯವಾಗಿ ನೋಡಿದ್ದು ಹೊಟ್ಟೆಯನ್ನಲ್ಲ, ಹಲ್ಲನ್ನು. ಎರಡನೇ ಮಹಾಯುದ್ಧಕ್ಕೆ ಮೊದಲು ಜಪಾನಿನಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 15 ಕೆ.ಜಿ. ಸಕ್ಕರೆ ಸಿಗುತ್ತಿತ್ತು. ಯುದ್ಧದಿಂದಾಗಿ 1946ರಲ್ಲಿ ಅದು 0.2 ಕೆ.ಜಿ.ಗೆ ಕುಸಿಯಿತು. ಜನ ಹಸಿವಿನಿಂದ ನರಳಿದರು, ಮಕ್ಕಳ ಹಲ್ಲಿನ ಹುಳುಕು ಮಾತ್ರ ಇಳಿಯಿತು. ಯಾರೂ ಬಯಸದ ಆ ಪ್ರಯೋಗದ ದಾಖಲೆಯೂ ಇವತ್ತಿನ ಶೇ 5ರ ಹಿಂದೆ ಇದೆ. ವಯಸ್ಕರಿಗೆ ಅದು ದಿನಕ್ಕೆ ಸುಮಾರು 25 ಗ್ರಾಂ, ಆರು ಟೀ ಚಮಚ.

ಅಂದರೆ ಬೊಜ್ಜಿನ ವಿರುದ್ಧದ ಅಭಿಯಾನ ಬಳಸುತ್ತಿರುವ ಅಳತೆಗೋಲು ದಂತವೈದ್ಯರಿಂದ ಎರವಲು ತಂದದ್ದು. ಆದರೂ ಶುಗರ್ ಬೋರ್ಡಿನ ಚರ್ಚೆಯಲ್ಲಿ ಮಾತೆಲ್ಲ ಮಧುಮೇಹ, ಬೊಜ್ಜಿನ ಸುತ್ತಲೇ. ಹಲ್ಲಿನ ಹೆಸರು ಬಂದರೆ ಕೊನೆಯ ಸಾಲಿನಲ್ಲಿ.

ತೆರಿಗೆಯಲ್ಲಿ ಈ ಎರಡನ್ನೂ ಒಟ್ಟಿಗೆ ಹಿಡಿಯಲು ಸಾಧ್ಯವೇ? ಬ್ರಿಟನ್ ಮಾಡಿ ನೋಡಿದೆ. 2018ರ ಏಪ್ರಿಲ್‌ನಿಂದ ಅಲ್ಲಿ ತಂಪು ಪಾನೀಯಗಳಿಗೆ ಸಕ್ಕರೆಯ ಪ್ರಮಾಣ ನೋಡಿ ಸುಂಕ ಹಾಕುತ್ತಾರೆ. 100 ಮಿ.ಲೀ.ಗೆ 5 ಗ್ರಾಂ ದಾಟಿದರೆ ಒಂದು ದರ, 8 ಗ್ರಾಂ ಮುಟ್ಟಿದರೆ ಇನ್ನೂ ಹೆಚ್ಚು. ಘೋಷಣೆ ಆದದ್ದು 2016ರಲ್ಲಿ, ಸುಂಕ ಜಾರಿಗೆ ಬರುವ ಮೊದಲೇ ಅನೇಕ ಕಂಪನಿಗಳು ಸಕ್ಕರೆ ಇಳಿಸಿಕೊಂಡವು. ನಂತರ ಇಂಗ್ಲೆಂಡಿನಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಹುಳುಕು ಹಲ್ಲು ಕೀಳಿಸಲು ಆಸ್ಪತ್ರೆಗೆ ಸೇರುವ 18 ವರ್ಷದೊಳಗಿನವರ ಸಂಖ್ಯೆ ಶೇ 12ರಷ್ಟು ಕಡಿಮೆಯಾಗಿದೆ ಎಂದೂ, 10-11 ವರ್ಷದ ಹುಡುಗಿಯರಲ್ಲಿ ಬೊಜ್ಜು ಶೇ 8ರಷ್ಟು ಇಳಿದಿದೆ ಎಂದೂ ಅಂದಾಜಿಸಲಾಯಿತು. ಹುಡುಗರ ತೂಕದಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಒಂದು ಸುಂಕ, ಎರಡು ಕಡೆ ಫಲ.

ನಮ್ಮಲ್ಲಿ ಸೆಪ್ಟೆಂಬರಿನಿಂದ ಗ್ಯಾಸ್ ತುಂಬಿದ ಪಾನೀಯಗಳಿಗೆ ಶೇ 40. ಇದನ್ನು ಕೆಲವರು 'ಪಾಪದ ತೆರಿಗೆ' ಎಂದು ಕೊಂಡಾಡಿದರು. ಮೊದಲೂ ಶೇ 28 ಜಿಎಸ್‌ಟಿ, ಅದರ ಮೇಲೆ ಶೇ 12 ಸೆಸ್ ಇತ್ತು, ಕೂಡಿಸಿದರೆ ಅದೇ 40. ಹೆಸರು ಬದಲಾಯಿತು, ಬೆಲೆ ಅಲ್ಲ. ಸಕ್ಕರೆ ಇರುವ ಸೋಡಾಕ್ಕೂ ಸಕ್ಕರೆ ಇಲ್ಲದ ಡಯೆಟ್ ಸೋಡಾಕ್ಕೂ ಒಂದೇ ದರವಾದ್ದರಿಂದ, ಸಕ್ಕರೆ ಇಳಿಸಲು ಕಂಪನಿಗೆ ತೆರಿಗೆಯಿಂದ ಯಾವ ಕಾರಣವೂ ಸಿಗುವುದಿಲ್ಲ. ಇದಕ್ಕಿಂತ ಸೋಜಿಗ ಪಕ್ಕದ ಶೆಲ್ಫಿನದು. ಗ್ಯಾಸ್ ಇಲ್ಲದ ಹಣ್ಣಿನ ರಸದ ಪಾನೀಯಗಳು ಶೇ 12ರಿಂದ ಶೇ 5ಕ್ಕೆ ಇಳಿದವು. ಮಾವಿನ ಚಿತ್ರವಿರುವ ಬಾಟಲಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ಹಿಂದೆ ತಿರುಗಿಸಿ ಓದಿ. ಹಲ್ಲಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಗುಳ್ಳೆ ಇದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ.

ಹಿಂದೆ ತಿರುಗಿಸದೆಯೇ, ಪ್ಯಾಕೆಟ್ಟಿನ ಮುಂಭಾಗದಲ್ಲೇ ಸಕ್ಕರೆ, ಉಪ್ಪು, ಕೊಬ್ಬಿನ ಎಚ್ಚರಿಕೆ ಇರಬೇಕೆಂಬ ವಾದ ವರ್ಷಗಳಿಂದ ನಡೆದಿದೆ. ಎಫ್‌ಎಸ್‌ಎಸ್‌ಎಐ 2022ರಲ್ಲಿ ನಕ್ಷತ್ರ ಕೊಡುವ ಕರಡು ಹೊರಡಿಸಿತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ತಜ್ಞರ ಸಮಿತಿ ಮೂರು ತಿಂಗಳಲ್ಲಿ ಶಿಫಾರಸು ಕೊಡಬೇಕೆಂದಿತು. ಬಿಸ್ಕತ್ತಿಗೆ ಎರಡೂವರೆ ನಕ್ಷತ್ರ ಕೊಟ್ಟರೆ ಅದು ಎಚ್ಚರಿಕೆಯೋ ಶಿಫಾರಸೋ ಎಂಬುದು ನನ್ನ ಅನುಮಾನ.

ತೂಕ ಇಳಿಸುವ ಆತುರ

ತೂಕ ಏರಿದಾಗ ಮಾತ್ರವಲ್ಲ, ಇಳಿಸುವಾಗಲೂ ಬಾಯಿಗೆ ಪೆಟ್ಟು ಬೀಳುತ್ತದೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಿಸಿನೀರಿಗೆ ನಿಂಬೆರಸ, ಜೇನು ಹಾಕಿ ಕುಡಿಯುವ ಅಭ್ಯಾಸ ಎಷ್ಟು ಮನೆಗಳಲ್ಲಿಲ್ಲ? ನಿಂಬೆಯ ಆಮ್ಲ ಹಲ್ಲಿನ ಎನಾಮಲ್ ಕರಗಿಸುತ್ತದೆ, ಜೇನು ಹಲ್ಲಿನ ಮಟ್ಟಿಗೆ ಸಕ್ಕರೆಯೇ. ಗುಟುಕು ಗುಟುಕಾಗಿ ಕುಡಿದು, ಕೂಡಲೇ ಬ್ರಷ್ ಮಾಡಿದರೆ ಮೆತ್ತಗಾದ ಎನಾಮಲ್ಲನ್ನು ನಾವೇ ಉಜ್ಜಿ ತೆಗೆದಂತೆ. ಆಪಲ್ ಸೈಡರ್ ವಿನೆಗರ್‌ನದೂ ಇದೇ ಕಥೆ. ಡಯೆಟ್ ಸೋಡಾ ತೂಕಕ್ಕೆ ಪರವಾಗಿಲ್ಲ ಎನ್ನಬಹುದು, ಹಲ್ಲಿಗೆ ಅದೂ ಆಮ್ಲವೇ.

ಈಗ ಚುಚ್ಚುಮದ್ದಿನ ಕಾಲ. ಮೌಂಜಾರೋ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ಗೆ ಭಾರತದಲ್ಲಿ ಪೇಟೆಂಟ್ ರಕ್ಷಣೆ 2026ರ ಮಾರ್ಚ್‌ವರೆಗಷ್ಟೇ, ಆಮೇಲೆ ಅಗ್ಗದ ದೇಶಿ ಮಾದರಿಗಳಿಗೆ ದಾರಿ ಸಲೀಸು. ಈ ಔಷಧಗಳಿಂದ ತೂಕ ಇಳಿಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಸಾಮಾನ್ಯ ಅಡ್ಡಪರಿಣಾಮ ವಾಕರಿಕೆ, ವಾಂತಿ. ಬಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲೂ ವಾಂತಿ, ಹುಳಿತೇಗು ಇರುತ್ತದೆ. ಹೊಟ್ಟೆಯ ಆಮ್ಲ ಮತ್ತೆ ಮತ್ತೆ ಬಾಯಿಗೆ ಬಂದರೆ ಹಲ್ಲಿನ ಒಳಮೈ ಸವೆಯುತ್ತದೆ. ವಾಂತಿಯಾದ ಕೂಡಲೇ ಬ್ರಷ್ ಮಾಡದೆ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧ-ಮುಕ್ಕಾಲು ಗಂಟೆ ಬಿಟ್ಟು ಉಜ್ಜಿ ಎಂಬ ಒಂದು ಸಾಲಿನ ಸಲಹೆ ಎಷ್ಟೋ ಹಲ್ಲು ಉಳಿಸಬಲ್ಲದು. ತೂಕ ಇಳಿಸುವ ಕ್ಲಿನಿಕ್‌ಗಳ ಜಾಹೀರಾತಿನಲ್ಲಿ 'ಮೊದಲು-ನಂತರ'ದ ಫೋಟೊಗಳಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಹಲ್ಲಿನ ಬಗ್ಗೆ ಮಾತ್ರ ಒಂದಕ್ಷರವಿಲ್ಲ.

ರೊಟ್ಟಿ ಬಿಟ್ಟ ಕಾಕು

ಬದುಕಿನ ಗುಣಮಟ್ಟ ಎಂಬುದು ಕಾಗದದಲ್ಲಿ ತೆಳುವಾಗಿ ಕೇಳಿಸುವ ಮಾತು. ದಂತವೈದ್ಯರ ಬಳಿ ಅದನ್ನು ಅಳೆಯಲು ಒಂದು ಪ್ರಶ್ನಾವಳಿಯಿದೆ. ಹೆಸರು ಒಎಚ್‌ಐಪಿ-14. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮೊದಲು 49 ಪ್ರಶ್ನೆಗಳೊಂದಿಗೆ ರೂಪುಗೊಂಡದ್ದನ್ನು 1997ರಲ್ಲಿ 14ಕ್ಕೆ ಇಳಿಸಿದರು. ಬಾಯಿ ನೋಯುತ್ತದೆಯೇ, ತಿನ್ನಲು ಕಷ್ಟವೇ, ಅರ್ಧ ಊಟಕ್ಕೆ ಎದ್ದಿದ್ದೀರಾ, ಹಲ್ಲಿನಿಂದಾಗಿ ಮುಜುಗರವಾಗಿದೆಯೇ, ಬೇರೆಯವರ ಮೇಲೆ ಸಿಡುಕಿದ್ದೀರಾ, ಕೆಲಸ ಮಾಡಲಾಗದೆ ಹೋಗಿದೆಯೇ ಎಂಬಂಥ ಪ್ರಶ್ನೆಗಳು. ಎಷ್ಟು ಸಲ ಎಂಬುದಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 56. ಅಂಕ ಹೆಚ್ಚಿದಷ್ಟೂ ಬದುಕು ಕಷ್ಟ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಧಾರವಾಡ ಕಡೆಯ ಕಾಕು ಒಬ್ಬರಿದ್ದಾರೆ. ಮಗನ ಮನೆಗೆಂದು ಮುಂಬೈಗೆ ಬಂದು ಏಳೆಂಟು ವರ್ಷ. ಊರಲ್ಲಿದ್ದಾಗ ಎರಡು ಹೊತ್ತು ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪಿನ ಪಚಡಿ, ಕಾಳುಪಲ್ಯ. ವಸಡು ಸಡಿಲವಾಗಿ ದವಡೆ ಹಲ್ಲುಗಳು ಒಂದೊಂದಾಗಿ ಹೋದ ಮೇಲೆ ರೊಟ್ಟಿ ಬಿಟ್ಟರು. ಈಗ ಬೆಳಗ್ಗೆ ಚಹಾದಲ್ಲಿ ಅದ್ದಿದ ಪಾವ್, ಮಧ್ಯಾಹ್ನ ಮೆತ್ತಗಿನ ಅನ್ನ, ಸಂಜೆ ಬಿಸ್ಕತ್, ರಾತ್ರಿ ಮತ್ತೆ ಅನ್ನ. ಸೀಬೆಹಣ್ಣು, ಸೌತೆಕಾಯಿ, ಕಬ್ಬು, ಹುರಿಗಡಲೆ ಎಲ್ಲ ಬಂದ್. 'ಏನ್ ಮಾಡ್ಲಿ ತಂಗಿ, ರೊಟ್ಟಿ ತಿನ್ನಾಕ ಹಲ್ಲ ಬೇಕಲ್ಲ. ಡಾಕ್ಟರ್ ನೋಡಿದ್ರ ತೂಕ ಇಳಸ್ರಿ, ತರಕಾರಿ ತಿನ್ರಿ ಅಂತಾರ. ಹೆಂಗ ತಿನ್ನೂದು ಅಂತ ಹೇಳಂಗಿಲ್ಲ' ಎಂದರು.

ಕಾಕು ಹೇಳಿದ್ದು ಇಡೀ ಚರ್ಚೆಯ ನಡುಮಧ್ಯದ ಮಾತು. ಬೊಜ್ಜಿನಿಂದ ಬಾಯಿ ಕೆಡುವುದರ ಬಗ್ಗೆ ಮಾತಾಡುತ್ತೇವೆ, ಬಾಯಿ ಕೆಟ್ಟು ತೂಕ ಏರುವ ದಾರಿ ಮರೆಯುತ್ತೇವೆ. ಅಗಿಯಲಾಗದವರು ನಾರಿನ ಆಹಾರ ಬಿಟ್ಟು ಮೆತ್ತಗಿನ ಪಿಷ್ಟದ ಕಡೆ ವಾಲುತ್ತಾರೆ. ಮಂಡ್ಯ, ಹಾಸನದ ಕಡೆಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲ ಇದೆ, ರಾಗಿ ಮುದ್ದೆಯನ್ನು ಹೇಗೂ ಅಗಿಯುವುದಿಲ್ಲ, ನುಂಗುತ್ತಾರೆ. ಅದಕ್ಕೆ ಸೊಪ್ಪಿನ ಸಾರೂ ಬಸ್ಸಾರೂ ಜೊತೆಯಾದರೆ ಹಲ್ಲಿಲ್ಲದೆಯೂ ತಕ್ಕಮಟ್ಟಿಗೆ ಸಾಗುತ್ತದೆ. ಮುಂಬೈನಲ್ಲಿ ಪಾವ್ ಮಾತ್ರ ಗಲ್ಲಿ ಗಲ್ಲಿಗೂ ಸಿಗುತ್ತದೆ.

ದಪ್ಪಗಿರುವವರಿಗೆ ದಂತವೈದ್ಯರ ಕುರ್ಚಿ ಎಂಬುದೂ ಒಂದು ಪರೀಕ್ಷೆ. ಪ್ರತಿ ಕುರ್ಚಿಗೂ ಇಷ್ಟೇ ತೂಕ ಎಂಬ ಮಿತಿ ಇರುತ್ತದೆ. ಗೊರಕೆ, ಸ್ಲೀಪ್ ಅಪ್ನಿಯಾ ಇರುವವರಿಗೆ ಬಾಯಿ ತೆರೆದು ಅಂಗಾತ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಬಾಯಿಯಿಂದ ಉಸಿರಾಡುವವರ, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರ ಬಾಯಿ ಒಣಗುತ್ತದೆ, ಜೊಲ್ಲು ಕಡಿಮೆಯಾದರೆ ಹುಳುಕು ಬೇಗ. ಇದರ ಮೇಲೆ 'ಸ್ವಲ್ಪ ತೂಕ ಇಳಿಸಿ' ಎಂಬ ಉಪದೇಶ ಇಲ್ಲೂ ಸಿಕ್ಕರೆ, ಮುಂದಿನ ಸಲ ನೋವು ತಡೆಯಲಾಗದ ತನಕ ಆ ಕಡೆ ಯಾರು ತಲೆ ಹಾಕುತ್ತಾರೆ?

ಬೊಜ್ಜು ಇರುವವರಲ್ಲಿ ಒಎಚ್‌ಐಪಿ ಅಂಕ ಹೆಚ್ಚು ಎಂದು ಹೇಳುವ ಅಧ್ಯಯನಗಳೂ, ಅಂಥ ವ್ಯತ್ಯಾಸವೇನಿಲ್ಲ ಎನ್ನುವ ಅಧ್ಯಯನಗಳೂ ಇವೆ. ಬಹುತೇಕವು ಒಂದೇ ಸಲ ಜನರನ್ನು ನೋಡಿ ಲೆಕ್ಕ ಹಾಕಿದಂಥವು. ಅವುಗಳಿಂದ ಯಾವುದು ಮೊದಲು, ಯಾವುದು ನಂತರ ಎಂದು ತೀರ್ಮಾನಿಸಲಾಗದು. ವಯಸ್ಸು, ತಂಬಾಕು, ಬಡತನ ಎಲ್ಲ ಇದರಲ್ಲಿ ಕಲಸಿಹೋಗಿವೆ. ಹಾಗಾಗಿ 'ತೂಕ ಇಳಿಸಿದರೆ ಹಲ್ಲು ಸರಿಹೋಗುತ್ತದೆ' ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಎರಡೂ ಪಾಲಿಸಿಯ ಹೊರಗೆ

ಕಳೆದ ವರ್ಷ ನನಗೊಂದು ರೂಟ್ ಕೆನಾಲ್ ಆಯಿತು. ಕ್ಯಾಪ್ ಸೇರಿ ಆದ ಬಿಲ್ಲು ನನ್ನ ಸಂಬಳದ ಗಣನೀಯ ಭಾಗ. ವಿಮೆ ಇದೆಯಲ್ಲ ಎಂಬ ಧೈರ್ಯದಲ್ಲಿ ಪಾಲಿಸಿ ಪುಸ್ತಕವನ್ನು ಮೊದಲ ಸಲ ಪೂರ್ತಿ ಓದಿದೆ. ಬಹುತೇಕ ಆರೋಗ್ಯ ವಿಮೆಗಳಲ್ಲಿ ಇರುವಂತೆಯೇ ಅಪಘಾತದಿಂದ ಆಸ್ಪತ್ರೆ ಸೇರಿದ ಹೊರತು ಹಲ್ಲಿನ ಚಿಕಿತ್ಸೆ ಇಲ್ಲ. ಅದೇ ಅಧ್ಯಾಯದಲ್ಲಿ ಇನ್ನೊಂದು ಹೊರಗಿಡುವಿಕೆ: ಬೊಜ್ಜು ಮತ್ತು ತೂಕ ನಿಯಂತ್ರಣ. ಇದು ಐಆರ್‌ಡಿಎಐ ಎಲ್ಲ ಕಂಪನಿಗಳಿಗೂ ಒಂದೇ ಪದಗಳಲ್ಲಿ ಕೊಟ್ಟಿರುವ ಷರತ್ತು. ಬಿಎಂಐ 40 ದಾಟಿರಬೇಕು, ಇಲ್ಲವೇ 35 ದಾಟಿ ಜೊತೆಗೆ ಹೃದ್ರೋಗ, ತೀವ್ರ ಸ್ಲೀಪ್ ಅಪ್ನಿಯಾ, ಹತೋಟಿ ಮೀರಿದ ಮಧುಮೇಹದಂಥದ್ದು ಇರಬೇಕು. ಆಗ ಮಾತ್ರ ಶಸ್ತ್ರಚಿಕಿತ್ಸೆಗೆ ಹಣ. ಅಂದರೆ 165 ಸೆಂ.ಮೀ. ಎತ್ತರದವರು ಸುಮಾರು 109 ಕೆ.ಜಿ. ಆಗುವ ತನಕ ಕಾಯಬೇಕು. ಹಲ್ಲು ಹುಳುಕಾಗುತ್ತಿರುವಾಗ ಹಣವಿಲ್ಲ, ತೂಕ ಏರುತ್ತಿರುವಾಗ ಹಣವಿಲ್ಲ. ಇವೆರಡೂ ಸೇರಿ ಮಧುಮೇಹವೋ ಹೃದಯದ ತೊಂದರೆಯೋ ಆಗಿ ಆಸ್ಪತ್ರೆಗೆ ಸೇರಿದ ದಿನ ಲಕ್ಷಗಟ್ಟಲೆ ಹಣ ಬರುತ್ತದೆ. ವಿಮೆಯ ವ್ಯಾಪಾರದ ದೃಷ್ಟಿಯಿಂದಲೂ ಇದು ಜಾಣ ಲೆಕ್ಕ ಎನಿಸುವುದಿಲ್ಲ.

ಸರ್ಕಾರದ ಕಡೆ ಏನೂ ಇಲ್ಲ ಎನ್ನುವಂತಿಲ್ಲ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014ರಿಂದ ಇದೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ 'ದಂತ ಭಾಗ್ಯ' ಬಂತು. ಸೆಟ್ ಎಂದರೆ ಹಲ್ಲೆಲ್ಲ ಹೋದ ಮೇಲಿನ ಪರಿಹಾರ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಆಶಾ ಕಾರ್ಯಕರ್ತೆಯರ ಕೈಯಲ್ಲಿರುವ ಒಂದು ಫಾರಂ. 30 ದಾಟಿದ ಪ್ರತಿಯೊಬ್ಬರ ಮನೆಗೆ ಹೋಗಿ ಅದನ್ನು ತುಂಬಬೇಕು. ಅದರಲ್ಲಿ ಸೊಂಟದ ಸುತ್ತಳತೆಗೆ ಅಂಕವಿದೆ: ಮಹಿಳೆಯರಿಗೆ 80 ಸೆಂ.ಮೀ., ಪುರುಷರಿಗೆ 90 ದಾಟಿದರೆ ಅಂಕ ಏರುತ್ತದೆ. ಅದೇ ಫಾರಂನ ಮುಂದಿನ ಭಾಗದಲ್ಲಿ ಬಾಯಿಯ ಪ್ರಶ್ನೆಗಳಿವೆ. ಎರಡು ವಾರದಲ್ಲಿ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ, ಬಿಳಿ ಅಥವಾ ಕೆಂಪು ಕಲೆ, ಅಗಿಯುವಾಗ ನೋವು. ಉದ್ದೇಶ ಬಾಯಿ ಕ್ಯಾನ್ಸರ್ ಪತ್ತೆ. ತಂಬಾಕಿನ ಈ ದೇಶದಲ್ಲಿ ಅದು ಆಗಲೇಬೇಕಾದದ್ದು. ಟೇಪು ಮತ್ತು ಬಾಯಿ ಒಂದೇ ಹಾಳೆಯ ಮೇಲೆ ಈಗಾಗಲೇ ಬಂದಿವೆ. ವಸಡಿನಿಂದ ರಕ್ತ ಬರುತ್ತದೆಯೇ, ಯಾವ ಆಹಾರ ಅಗಿಯಲಾಗದೆ ಬಿಟ್ಟಿದ್ದೀರಿ ಎಂಬ ಎರಡು ಪ್ರಶ್ನೆ ಸೇರಿಸಲು ಹೊಸ ಇಲಾಖೆ ಬೇಕಿಲ್ಲ. ಹೌದು ಎಂದವರನ್ನು ಕಳಿಸಲು ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಇರಬೇಕು, ಅಲ್ಲಿಯ ಕುರ್ಚಿ ಕೆಟ್ಟಿರಬಾರದು. ಆಶಾ ಕಾರ್ಯಕರ್ತೆಗೆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣ ಕೊಡಬೇಕು ಎಂಬುದು ಹೇಳದೇ ತಿಳಿಯಬೇಕಾದ ಮಾತು, ಆದರೆ ಯಾವಾಗಲೂ ಹೇಳಲೇಬೇಕಾಗುತ್ತದೆ.

ಖಾಸಗಿ ಕ್ಲಿನಿಕ್ಕಿನ ದರ ನೋಡಿ ಹಿಂದೆ ಸರಿಯುವವರಿಗೆ ದೊಡ್ಡ ಊರುಗಳಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ದಂತ ಆಸ್ಪತ್ರೆ, ಸಿಎಸ್‌ಎಂಟಿ ಹತ್ತಿರ ಸೇಂಟ್ ಜಾರ್ಜ್ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು, ದೆಹಲಿಯಲ್ಲಿ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಚೆನ್ನೈನಲ್ಲಿ ತಮಿಳುನಾಡು ಸರ್ಕಾರಿ ದಂತ ಕಾಲೇಜು, ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ ಸರ್ಕಾರಿ ದಂತ ಕಾಲೇಜು. ಬೆಳಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು, ಒಂದೇ ದಿನದಲ್ಲಿ ಮುಗಿಯುವುದಿಲ್ಲ, ಚಿಕಿತ್ಸೆ ಕೊಡುವವರು ಅನೇಕ ಸಲ ವಿದ್ಯಾರ್ಥಿಗಳು, ಮೇಲೆ ಪ್ರಾಧ್ಯಾಪಕರು ನೋಡುತ್ತಾರೆ. ಇಎಸ್‌ಐ ಕಾರ್ಡ್ ಇರುವವರು ಅಲ್ಲಿಯ ದಂತ ವಿಭಾಗವನ್ನೂ ಕೇಳಬಹುದು. ಮಧುಮೇಹವಿದ್ದರೆ ಇತ್ತೀಚಿನ ಎಚ್‌ಬಿಎ1ಸಿ ವರದಿ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ಕಾಕುವನ್ನು ಕಳೆದ ತಿಂಗಳು ಮಗ ನಾಯರ್‌ಗೆ ಕರೆದುಕೊಂಡು ಹೋದ. ವಸಡು ಕ್ಲೀನ್ ಮಾಡಿ, ಉಳಿದ ಹಲ್ಲಿನ ಅಳತೆ ತೆಗೆದುಕೊಂಡಿದ್ದಾರೆ, ಇನ್ನು ನಾಲ್ಕೈದು ಸಲ ಹೋಗಬೇಕು. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಾಗ ಊರಿಂದ ಖಡಕ್ ರೊಟ್ಟಿ ತರಿಸಿ ಡಬ್ಬಿಯಲ್ಲಿ ಇಟ್ಟಿದ್ದೀನಿ ಎಂದರು.